ಕೈ ಹೆಂಗೈತೆ

ಬೆರಳು ಸುಡುತ್ತಿದೆ ಎಂದು ಚೈತ್ರಾಳಿಗೆ ತಿಳಿದದ್ದು ವಾಸನೆಯಿಂದ. ರೊಟ್ಟಿ ಮಗುಚಲು ಹೋದವಳು ಬಲಗೈಯ ನಡುಬೆರಳನ್ನು ಹಂಚಿನ ಅಂಚಿಗೆ ಒತ್ತಿಕೊಂಡು ಹಾಗೇ ಕೂತಿದ್ದಳು. ಪಕ್ಕದ ಒಲೆಯ ಮುಂದಿದ್ದ ಅತ್ತೆ ಮರುಳಸಿದ್ದಮ್ಮ ಮೂಗು ಅರಳಿಸಿ, "ಏನೋ ಸೀಯ್ತಾ ಐತೆ ನೋಡು," ಎಂದಳು. ಅವಳು ಹೇಳಿದ್ದು ರೊಟ್ಟಿಯ ವಿಷಯ. ಚೈತ್ರಾ ರೊಟ್ಟಿ ನೋಡಿದಳು, ಅದು ಉಬ್ಬಿಕೊಂಡು ಚೆನ್ನಾಗಿಯೇ ಇತ್ತು. ಆಮೇಲೆ ಬೆರಳು ನೋಡಿಕೊಂಡಳು. ತುದಿಯ ಚರ್ಮ ಬೆಳ್ಳಗಾಗಿ ಏಳುತ್ತಿತ್ತು. ನೋವೇ ಇರಲಿಲ್ಲ, ಮತ್ತು ಹಾಗೆ ನೋವಿಲ್ಲದ್ದನ್ನು ಕಂಡೇ ಅವಳು ಹೆದರಿದಳು.

ಏಳು ತಿಂಗಳ ಬಸುರಿ ಅವಳು. ಹೊಟ್ಟೆಯೊಳಗೆ ಕೂಸು ಒದ್ದರೆ ಹೊಟ್ಟೆಗೆ ಗೊತ್ತಾಗುತ್ತಿತ್ತು, ಹೊಟ್ಟೆಯ ಮೇಲಿಟ್ಟ ಬೆರಳುಗಳಿಗೆ ಗೊತ್ತಾಗುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಂದು ತಿಂಗಳಿಂದ ಜೋಮು ಹಿಡಿದಿದ್ದವು. ಸೂಜಿಯಿಂದ ಚುಚ್ಚಿದ ಹಾಗೆ ಆಗಿ, ಆಮೇಲೆ ಮರದ ತುಂಡಿನ ಹಾಗೆ ಆಗಿಬಿಡುತ್ತಿದ್ದವು. ಬೆಳಗಿನ ಚಹಾದ ಲೋಟ ಎರಡು ಸಲ ಕೈಜಾರಿ ಬಿದ್ದಿತ್ತು. ಲೋಟ ಬಿದ್ದರೆ ಸೊಟ್ಟಗಾಗುತ್ತದೆ, ತಟ್ಟಿ ಸರಿ ಮಾಡಬಹುದು. ನಾಳೆ ಇದೇ ಕೈಗೆ ಕೂಸನ್ನು ಕೊಡುತ್ತಾರೆ. ಕಾದ ಹಂಚು ತಿಳಿಯದ ಕೈಗೆ ಕೂಸಿಗೆ ಎರೆಯುವ ನೀರು ಬೆಚ್ಚಗಿದೆಯೋ ಸುಡುತ್ತಿದೆಯೋ ಹೇಗೆ ತಿಳಿಯಬೇಕು? ಅವತ್ತಿನಿಂದ ಚೈತ್ರಾಳಿಗೆ ಹಗಲೂ ಇರುಳೂ ಇದೊಂದೇ ಭಯ.

ನಿಟ್ಟುವಳ್ಳಿಯ ಆ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು, ಶೆಡ್ಡಿನ ತುಂಬ ಒಲೆಗಳು. ಗಂಡ ತೀರಿಕೊಂಡಾಗ ಮರುಳಸಿದ್ದಮ್ಮ ಒಂದು ಒಲೆ ಹಚ್ಚಿ, ಜೋಳದ ರೊಟ್ಟಿ ತಟ್ಟಿ ಮಾರಿ ಮಗನನ್ನು ಸಾಕಿದವಳು. ಈಗ ಕಾಲೇಜು ಹುಡುಗರ ಮೆಸ್ಸುಗಳು, ಆವರಗೆರೆ ಕಡೆಯ ಖಾನಾವಳಿಗಳು, ಕಲ್ಯಾಣ ಮಂಟಪದ ಅಡಿಗೆಯವರು ಎಲ್ಲರೂ ಅವಳ ರೊಟ್ಟಿಗೇ ಕಾಯುತ್ತಿದ್ದರು. ಮಗ ಸಿದ್ದೇಶ್ ಬೈಕಿನ ಹಿಂದೆ ಡಬ್ಬ ಕಟ್ಟಿಕೊಂಡು ಮುಟ್ಟಿಸಿ ಬರುತ್ತಿದ್ದ. ಚೈತ್ರಾಳನ್ನು ಅವಳು ಕಂಡದ್ದು ಹರಿಹರದಲ್ಲಿ, ನೆಂಟರೊಬ್ಬರ ಮನೆಯ ಗೃಹಪ್ರವೇಶದ ಅಡಿಗೆ ಚಪ್ಪರದಲ್ಲಿ. ಕೊಂಡಜ್ಜಿಯಿಂದ ಬಂದಿದ್ದ ಹುಡುಗಿ ಮಾತಾಡುತ್ತಲೇ ಎದುರಿನವರು ಉಂಡೆ ಕಟ್ಟುವಷ್ಟರಲ್ಲಿ ರೊಟ್ಟಿ ತಟ್ಟಿ ಎಸೆಯುತ್ತಿದ್ದಳು, ಒಂದಕ್ಕೂ ಅಂಚು ಒಡೆದಿರಲಿಲ್ಲ. "ಮುಖ ಆಮೇಲೆ ನೋಡಿದೆ ನಾನು. ಮೊದ್ಲು ಕೈ ನೋಡಿದೆ," ಎಂದು ಮರುಳಸಿದ್ದಮ್ಮ ಮದುವೆಯಾದ ಮೇಲೂ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಚೈತ್ರಾಳೂ ಅದನ್ನು ಹೊಗಳಿಕೆ ಎಂದುಕೊಂಡು ನಾಚುತ್ತಿದ್ದಳು. ಹೊಗಳಿಕೆಯೇ ಹೌದು. ಎತ್ತು ಕೊಳ್ಳುವವರೂ ಹೊಗಳುತ್ತಾರೆ.

ಸಿದ್ದೇಶ್ ಕೆಟ್ಟವನೇನಲ್ಲ. ಕೆಟ್ಟವನಾಗುವುದಕ್ಕೂ ಸ್ವಲ್ಪ ಸ್ವಂತ ಬುದ್ಧಿ ಬೇಕು. ಸುಟ್ಟ ಬೆರಳು ನೋಡಿ ಹೆದರಿ, ತಿಂಗಳ ತಪಾಸಣೆಗೆ ಕರೆದುಕೊಂಡು ಹೋದಾಗ ತಾನೇ ಡಾಕ್ಟರಮ್ಮನಿಗೆ ಹೇಳಿದ. ಆಕೆ ಚೈತ್ರಾಳ ಮಣಿಕಟ್ಟು ಹಿಡಿದು ನೋಡಿ ಸಮಾಧಾನವಾಗಿ ತಿಳಿಸಿದರು. ಬಸುರಿಯರ ಮೈಯಲ್ಲಿ ನೀರು ತುಂಬುತ್ತದೆ, ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಹಾದುಹೋಗುವ ನರ ಅದರಿಂದ ಅಮುಕಿಕೊಳ್ಳುತ್ತದೆ, ರೊಟ್ಟಿ ತಟ್ಟುವುದರಿಂದ ಇನ್ನೂ ಹೆಚ್ಚಾಗುತ್ತದೆ. ತಟ್ಟುವುದನ್ನು ನಿಲ್ಲಿಸಬೇಕು, ಮಣಿಕಟ್ಟು ಬಗ್ಗದ ಹಾಗೆ ಬೆಲ್ಟು ಕಟ್ಟಬೇಕು, ಫಿಸಿಯೋಥೆರಪಿಯವರ ಹತ್ತಿರ ಹೋಗಿ ವ್ಯಾಯಾಮ ಕಲಿಯಬೇಕು. ಹೆಚ್ಚಿನವರಿಗೆ ಹೆರಿಗೆ ಆದ ಮೇಲೆ ತಾನಾಗಿಯೇ ಹೋಗುತ್ತದೆ, ಹೆದರಬೇಡಿ. ಇಷ್ಟರಲ್ಲಿ ಸಿದ್ದೇಶ್ ಮನೆಗೆ ಹೊತ್ತು ತಂದದ್ದು ಕೊನೆಯ ಮಾತೊಂದನ್ನೇ.

"ಹೆರಿಗೆ ಆದ್ಮೇಲೆ ತಾನೇ ಹೋಗ್ತೈತಂತೆ," ಎಂದ ಅಮ್ಮನಿಗೆ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರೆ. ಇಲ್ಲಿ ರೋಗಿಯ ಬದಲು ಅತ್ತೆ ಬಯಸಿದ್ದಳು, ಅಷ್ಟೇ ವ್ಯತ್ಯಾಸ. ತಾನು ಸಿದ್ದೇಶನನ್ನು ಹೆತ್ತ ದಿನ ಬೆಳಿಗ್ಗೆಯೂ ರೊಟ್ಟಿ ತಟ್ಟಿದ್ದೆ ಎಂದು ಮರುಳಸಿದ್ದಮ್ಮ ಹೇಳಿದಳು. ಅದು ಸುಳ್ಳಲ್ಲ. ತಾವು ಪಟ್ಟ ಕಷ್ಟವನ್ನು ಇನ್ನೊಬ್ಬರ ಮೇಲೆ ಹೊರಿಸುವವರು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಸಿದ್ದೇಶ್ ಮೆಡಿಕಲ್ ಶಾಪಿನಿಂದ ಬೆಲ್ಟು ತಂದುಕೊಟ್ಟ. ಅಂಗೈ ಕಡೆ ತಗಡಿನ ಪಟ್ಟಿ ಕೂರಿಸಿ ಹೊಲಿದಿದ್ದ ಕಪ್ಪು ಬೆಲ್ಟು ಅದು. ಫಿಸಿಯೋಥೆರಪಿ ಅಂದರೆ ಮಾಲೀಶು ತಾನೆ, ಅದನ್ನು ಮನೆಯಲ್ಲೇ ಕೊಬ್ಬರಿ ಎಣ್ಣೆ ಹಚ್ಚಿ ಮಾಡಿಕೊಂಡರಾಯಿತು ಎಂದು ಅವನೇ ತೀರ್ಮಾನ ಮಾಡಿದ.

ಬೆಲ್ಟು ಕಟ್ಟಿ ಮಲಗಲು ಶುರು ಮಾಡಿದ ಮೇಲೆ ಚೈತ್ರಾಳಿಗೆ ನಿದ್ದೆ ಹತ್ತಿತು. ಮೊದಲಾದರೆ ಕೈ ಸತ್ತುಹೋದಂತಾಗಿ ಎಚ್ಚರವಾಗಿ, ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡು ಕೂರುತ್ತಿದ್ದಳು. ಹತ್ತು ಹನ್ನೆರಡು ದಿನ ಕಳೆದಾಗ ಜಾಕೀಟಿನ ಗುಂಡಿ ನೋಡದೆಯೇ ಹಾಕಿಕೊಳ್ಳಲು ಬಂತು. ಅವಳು ಮಾಡಿದ ತಪ್ಪೆಂದರೆ ಆ ಸಂತೋಷವನ್ನು ಬಾಯಿ ಬಿಟ್ಟು ಹೇಳಿದ್ದು. ಸುಟ್ಟ ಬೆರಳು ಕಂಡಾಗಿನಿಂದ ಮರುಳಸಿದ್ದಮ್ಮ ನಾಲ್ಕು ಜನ ಏನಂದಾರು ಎಂದು ಅವಳನ್ನು ಒಲೆಯಿಂದ ಎಬ್ಬಿಸಿ ರೊಟ್ಟಿ ಎಣಿಸಿ ಕಟ್ಟುವುದಕ್ಕೆ ಕೂರಿಸಿದ್ದಳು. ಗುಂಡಿಯ ಸುದ್ದಿ ಕೇಳಿದ ಮಾರನೆಯ ದಿನ ಹಿಟ್ಟಿನ ಪರಾತ ಮತ್ತೆ ಸೊಸೆಯ ಮುಂದೆ ಬಂತು.

"ಬೆಲ್ಟು ಐತಲ್ಲ. ರಾತ್ರಿ ಕಟ್ಕೋ, ಹಗಲು ತಟ್ಟು," ಎಂದಳು ಅತ್ತೆ. ಬೈದು ಹೇಳಿದ್ದಲ್ಲ, ಮದ್ದು ಹಚ್ಚಿದ ಮೇಲೆ ಎತ್ತನ್ನು ನೊಗಕ್ಕೆ ಹೂಡುವವರ ಹಾಗೆ ಸಹಜವಾಗಿ ಹೇಳಿದ್ದು.

ಅದೇ ವಾರ ಚೈತ್ರಾಳ ತಾಯಿ ಹಂಪವ್ವ ಕೊಂಡಜ್ಜಿಯಿಂದ ಹಣ್ಣು, ಕುಬಸಕ್ಕೆಂದು ರವಿಕೆಯ ಕಣ ಹಿಡಿದುಕೊಂಡು ಬಂದಳು. ಬಸುರಿಗೆ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ತವರಿಗೆ ಕರೆದೊಯ್ಯುವುದು ವಾಡಿಕೆ. ಏಳರಲ್ಲಿ ಮಾಡಬೇಕು, ಇಲ್ಲ ಒಂಬತ್ತರಲ್ಲಿ. ಎಂಟು ಸರಿ ತಿಂಗಳು, ಆಗ ಬಸುರಿ ಹೊಸಿಲು ದಾಟುವ ಹಾಗಿಲ್ಲ. ಮರುಳಸಿದ್ದಮ್ಮ ಬೀಗಿತ್ತಿಗೆ ಹೋಳಿಗೆ ಊಟ ಹಾಕಿ, ವೈಶಾಖದ ಮದುವೆಗಳು ಮುಗಿದುಹೋಗಲಿ, ಒಂಬತ್ತರಲ್ಲಿ ಭರ್ಜರಿಯಾಗಿ ಮಾಡೋಣ ಎಂದಳು. ಏಳು ತಪ್ಪಿದರೆ ಎರಡು ತಿಂಗಳು ಸೊಸೆಯ ಕೈ ಒಲೆಯ ಮುಂದೆಯೇ ಇರುತ್ತದೆ. ಶಾಸ್ತ್ರಕ್ಕೂ ಆರ್ಡರಿಗೂ ಹೀಗೆ ತಾಳೆ ಬೀಳುವುದು ಅಪರೂಪ. ಹಂಪವ್ವ ಬಾಯಿಗೆ ಬಂದ ಮಾತನ್ನು ಹೋಳಿಗೆಯ ಜೊತೆ ನುಂಗಿದಳು. ಹೊರಡುವಾಗ ಮಗಳ ಊದಿದ ಕೈ ಹಿಡಿದುಕೊಂಡು, "ನಿಮ್ಮತ್ತೆ ನಿನ್ ಕೈನ ಎಷ್ಟು ಹೊಗಳ್ತಾರೆ ತಂಗಿ. ಈ ಕೈ ಇರೋತನ ಈ ಮನ್ಯಾಗೆ ನಿನಗೊಂದು ಬೆಲೆ ಐತೆ," ಎಂದಳು. ತಾಯಿ ಹೇಳಿದ್ದು ಪ್ರೀತಿಯಿಂದ. ಚೈತ್ರಾಳಿಗೆ ಆ ಮಾತು ಅತ್ತೆಯ ಮಾತಿಗಿಂತ ಹೆಚ್ಚು ನೋಯಿಸಿತು.

ಒಂಬತ್ತು ತುಂಬುವ ಮೊದಲು ಕುಬಸ ಆಯಿತು. ಭರ್ಜರಿಯಾಗಿಯೇ ಆಯಿತು. ಬಳೆಗಾರ ಬಂದು ಊದಿದ ಕೈಗೆ ಸೋಪು ಹಚ್ಚಿ, ಹಿಂಡಿ, ಒಂದೊಂದೇ ಹಸಿರು ಬಳೆ ಏರಿಸಿದ. ಮಣಿಕಟ್ಟಿಗೆ ಬಂದು ಕೂತ ಬಳೆಗಳು ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಹೆರಿಗೆ ಆಗುವ ತನಕ ಅವನ್ನು ತೆಗೆಯುವಂತಿಲ್ಲ. ಬೆಲ್ಟು ಕಟ್ಟಲು ಜಾಗವೇ ಉಳಿಯಲಿಲ್ಲ. ಕೊಂಡಜ್ಜಿಗೆ ಬಂದ ಮೇಲೆ ಕೆಲಸವೇನೋ ತಪ್ಪಿತು, ಆದರೆ ನಿದ್ದೆ ಮತ್ತೆ ಹೋಯಿತು. ಜೋಮು ಈಗ ಮೊಣಕೈ ತನಕ ಏರುತ್ತಿತ್ತು. ಮಗಳು ಕೈ ಕೊಡವಿಕೊಂಡು ಕೂತಿರುವುದನ್ನು ನೋಡಲಾರದೆ ಹಂಪವ್ವ ಅವಳನ್ನು ಬಸ್ಸು ಹತ್ತಿಸಿಕೊಂಡು ಹರಿಹರಕ್ಕೆ ಹೋದಳು.

ಫಿಸಿಯೋಥೆರಪಿಯ ಖೈರುನ್ನೀಸಾ ಮೇಡಂ ಇದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರ, ಮೆಡಿಕಲ್ ಶಾಪಿನ ಮೇಲಿನ ಒಂದು ಕೋಣೆಯಲ್ಲಿ. ಒಂದು ಮಂಚ, ಒಂದು ಪರದೆ, ಎರಡು ಪ್ಲಾಸ್ಟಿಕ್ ಕುರ್ಚಿ. ನಲವತ್ತರ ಆಚೀಚಿನ ಸಣಕಲು ಹೆಂಗಸು, ಬೆಳಗಿನಿಂದ ಮಂಡಿನೋವಿನ ಮುದುಕರನ್ನು ಏಳಿಸಿ ಕೂರಿಸಿ ದಣಿದಿದ್ದಳು. ಚೈತ್ರಾಳ ಮಣಿಕಟ್ಟಿನ ನಡುವೆ ಬೆರಳಿಂದ ಮೆಲ್ಲಗೆ ತಟ್ಟಿದಳು, ನಡುಬೆರಳ ತುದಿಯ ತನಕ ಮಿಂಚು ಹರಿದಂತಾಗಿ ಚೈತ್ರಾ ಕೈ ಎಳೆದುಕೊಂಡಳು. ಹತ್ತಿಯ ಎಳೆಯಿಂದ ಒಂದೊಂದು ಬೆರಳನ್ನೂ ಸವರಿ ಎಲ್ಲಿ ಗೊತ್ತಾಗುತ್ತದೆ, ಎಲ್ಲಿ ಇಲ್ಲ ಎಂದು ಕೇಳಿದಳು. ಕೊನೆಗೆ ಬಳೆ ನೋಡಿದಳು.

"ಇವು ಹೆಂಗೆ ಏರಿದ್ವು?"

"ಸೋಪು ಹಚ್ಚಿ ಏರಿಸಿದ್ರು ಮೇಡಂ."

"ಹಂಗಾದ್ರೆ ಸೋಪು ಹಚ್ಚೇ ಇಳಿಸೋಣ. ಬಲಗೈಯವು ಇಳೀಲೇಬೇಕು."

ಹಂಪವ್ವ ಕುರ್ಚಿಯಿಂದ ಎದ್ದೇಬಿಟ್ಟಳು. ಕೂಸು ಕೈಗೆ ಬರುವ ಮೊದಲು ಕುಬಸದ ಬಳೆ ತೆಗೆದರೆ ಏನೇನಾಗುತ್ತದೆ ಎಂದು ಹೇಳಲೂ ಅವಳಿಗೆ ಬಾಯಿ ಬರಲಿಲ್ಲ. ತಮ್ಮ ಮನೆಗಳಲ್ಲೂ ಏಳನೇ ತಿಂಗಳಿಗೆ ಬಳೆ ಇಡುತ್ತಾರೆ, ತನಗೂ ಗೊತ್ತು ಎಂದು ಖೈರುನ್ನೀಸಾ ಸಮಾಧಾನ ಹೇಳಿದಳು. ನರಕ್ಕೆ ಏನು ಬೇಕೋ ಅದನ್ನು ತಾನು ಹೇಳಬಹುದು, ಬೀಗರಿಗೆ ಹೇಳುವುದು ತನ್ನ ಕೈಲಿಲ್ಲ ಎಂದೂ ಹೇಳಿ ನೀರು ಕುಡಿಯಲು ಪರದೆಯ ಹಿಂದೆ ಹೋದಳು. ತಿರುಗಿ ಬರುವಷ್ಟರಲ್ಲಿ ಹಂಪವ್ವ ಮಗಳ ಪಕ್ಕ ಮಂಚದ ಮೇಲೆ ಕೂತು, ತನ್ನ ಬಲಗೈಯನ್ನು ಮಗಳ ಬಲಗೈಗೆ ಬೆರಳಿಗೆ ಬೆರಳು ತಾಗಿಸಿ ಹಿಡಿದಿದ್ದಳು. ಸೋಪು ಹಚ್ಚಿ ಒಂದೊಂದೇ ಬಳೆ ಮಗಳ ಕೈಯಿಂದ ಇಳಿದು, ನೆಲ ಕಾಣದೆ, ಗಾಳಿಗೆ ಸಿಗದೆ, ನೇರ ತಾಯಿಯ ಕೈಗೆ ಏರಿದವು. ಒಂದೂ ಒಡೆಯಲಿಲ್ಲ. "ಬಳೆ ಕೈ ಬಿಟ್ಟಿಲ್ಲ. ಕೈ ಬದಲಾಗೈತೆ ಅಷ್ಟೆ," ಎಂದು ಹಂಪವ್ವ ಯಾರಿಗೋ ಉತ್ತರ ಕೊಡುವವಳಂತೆ ಹೇಳಿಕೊಂಡಳು. ಅವತ್ತು ಚೈತ್ರಾಳಿಗೆ ತಾಯಿಯ ಮೇಲೆ ಬಂದ ಅಕ್ಕರೆ ಅಷ್ಟಿಷ್ಟಲ್ಲ. ಆದರೆ ಬೆಲ್ಟು ಕಟ್ಟಿ ಮುಗಿದ ಮೇಲೆ ಹಂಪವ್ವ ಕೇಳಿದ್ದು ಒಂದೇ ಪ್ರಶ್ನೆ. "ಮತ್ತೆ ಮೊದಲಿನಂಗೆ ರೊಟ್ಟಿ ತಟ್ತಾಳಲ್ರಿ?"

ಖೈರುನ್ನೀಸಾ ಅವಳಿಗೆ ಉತ್ತರ ಕೊಡದೆ ಚೈತ್ರಾಳ ಕಡೆ ತಿರುಗಿ, ನಿನಗೇನು ಬೇಕು ಎಂದು ಕೇಳಿದಳು. ಅವಳನ್ನು ಹಾಗೆ ಇದುವರೆಗೆ ಯಾರೂ ಕೇಳಿರಲಿಲ್ಲ.

"ಕೂಸಿನ ನೀರು ಎಷ್ಟು ಬಿಸಿ ಐತೆ ಅಂತ ಗೊತ್ತಾಗ್ಬೇಕು," ಎಂದಳು.

ಆಮೇಲಿನ ದಿನಗಳಲ್ಲಿ ಅವಳು ಕಲಿತದ್ದು ಕೆಲಸವೇ ಅಲ್ಲದ ಕೆಲಸ. ಬೆರಳು ನೆಟ್ಟಗೆ ಮಾಡುವುದು, ತುದಿಗಳನ್ನಷ್ಟೇ ಕೊಕ್ಕೆಯಂತೆ ಮಡಚುವುದು, ಮುಷ್ಟಿ ಕಟ್ಟುವುದು, ಬಿಡುವುದು. ತೋಳು ಚಾಚಿ ಅಂಗೈ ಬಿಚ್ಚಿ ನರ ಎಳೆಯುವಷ್ಟು ಎಳೆದು, ನೋಯುವ ಮೊದಲೇ ನಿಲ್ಲಿಸುವುದು. ಕೂತಾಗ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಡುವುದು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, ಹಂಪವ್ವನ ಮಗಳು ಗಾಳಿಗೆ ರೊಟ್ಟಿ ತಟ್ಟುತ್ತಾಳೆ ಎಂದು ನಗಾಡಿದರು. ನಿಧಾನ, ನಿಧಾನ ಎಂದು ಖೈರುನ್ನೀಸಾ ಪ್ರತಿ ಸಲವೂ ಹೇಳುತ್ತಿದ್ದಳು. ಜೋರು ಮಾಡು ಎನ್ನುವವರನ್ನೇ ಕಂಡಿದ್ದ ಕೈಗೆ ಆ ಮಾತು ಒಗ್ಗಲು ದಿನ ಹಿಡಿಯಿತು. ಒಂದು ಭಾನುವಾರ ನೋಡಲು ಬಂದ ಸಿದ್ದೇಶ್, ಹೆಂಡತಿಯ ಬರಿದಾದ ಬಲಗೈಯನ್ನೂ ಹಂಪವ್ವನ ಕೈಯ ಹಸಿರು ಬಳೆಗಳನ್ನೂ ಕಂಡ. ಸಂಜೆ ನಿಟ್ಟುವಳ್ಳಿಯಿಂದ ಮರುಳಸಿದ್ದಮ್ಮನ ಫೋನು ಬಂತು. ಕೂಸಿಗೆ ಏನಾದರೂ ಹೆಚ್ಚುಕಮ್ಮಿ ಆದರೆ ನೀವೇ ಹೊಣೆ ಎಂದಷ್ಟು ಹೇಳಿ ಇಟ್ಟಳು.

ಏನೂ ಆಗಲಿಲ್ಲ. ಹರಿಹರದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಹೆಣ್ಣು ಎಂದು ಕೇಳಿ ಮರುಳಸಿದ್ದಮ್ಮ, ಇರಲಿ ಬಿಡು, ಹೆಣ್ಣಿದ್ದರೆ ಒಂದು ಕೈ ಹೆಚ್ಚು ಎಂದಳಂತೆ.

ಹೆರಿಗೆ ಆದ ಮಾರನೆಯ ದಿನವೇ ಎಲ್ಲ ಹೋಗಿಬಿಡುತ್ತದೆ ಎಂದು ಚೈತ್ರಾ ನಂಬಿಕೊಂಡಿದ್ದಳು. ಹೋಗಲಿಲ್ಲ. ಕೂಸನ್ನು ಹಂಪವ್ವನೇ ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು, ಚೈತ್ರಾ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಎತ್ತಿಕೊಳ್ಳಬೇಕಾದಾಗ ಬೆರಳುಗಳನ್ನು ನಂಬದೆ ಮೊಣಕೈ ಮಡಿಲಲ್ಲಿ ಅಪ್ಪಿ ಹಿಡಿಯುತ್ತಿದ್ದಳು. ಜನ ಬಾಣಂತಿಯ ಕಣ್ಣೀರು ನೋಡಿ ದೃಷ್ಟಿ ತೆಗೆದರು. ವ್ಯಾಯಾಮ ಮಾತ್ರ ಅವಳು ಒಂದು ಹೊತ್ತೂ ಬಿಡಲಿಲ್ಲ. ಕೂಸು ಮಲಗಿದಾಗ ತೊಟ್ಟಿಲ ಪಕ್ಕ ಕೂತು ಬೆರಳು ಚಾಚಿ ಮಡಚುತ್ತಿದ್ದಳು.

ಎರಡನೇ ತಿಂಗಳು ಮುಗಿಯುತ್ತ ಬಂದಿತ್ತು. ಹಂಪವ್ವ ಕೆರೆಯ ಕಡೆಯ ಗದ್ದೆಗೆ ಬುತ್ತಿ ಒಯ್ದಿದ್ದಳು. ಕೂಸಿನ ನೆತ್ತಿಗೆ ಎಣ್ಣೆ ಒತ್ತಬೇಕಾಗಿತ್ತು. ಚೈತ್ರಾ ತೋರುಬೆರಳು ನಡುಬೆರಳು ಅದ್ದಿಕೊಂಡು, ಎಂದಿನಂತೆ ಕಣ್ಣಿನ ಭರವಸೆಯ ಮೇಲೆ ಸವರಿದಳು. ಮೆತ್ತಗಿನ ಕುಳಿಯೊಂದು ಬೆರಳಿಗೆ ಸಿಕ್ಕಿತು. ಅದರೊಳಗೆ ಏನೋ ಪುಟುಪುಟು ಬಡಿಯುತ್ತಿತ್ತು. ಬೆರಳು ತೆಗೆದಳು, ಮತ್ತೆ ಇಟ್ಟಳು. ಕಣ್ಣು ಮುಚ್ಚಿಕೊಂಡು ಇಟ್ಟಳು. ಎಣ್ಣೆಯ ತಂಪು ಬೇರೆ, ನೆತ್ತಿಯ ಬಿಸುಪು ಬೇರೆ, ಕೂದಲ ಎಳೆ ಬೇರೆ, ಎಲ್ಲವೂ ಬೇರೆ ಬೇರೆಯಾಗಿ ತಿಳಿದವು. ಅವಳಿಗೆ ಆದ ಸಂತೋಷಕ್ಕೆ ಕೂಗಬೇಕೆನಿಸಿತು. ಕೂಸು ಹೆದರೀತೆಂದು ಸುಮ್ಮನೆ ಅತ್ತಳು.

ಆ ಹೊತ್ತಿಗೇ ಸಿದ್ದೇಶನ ಫೋನು ಬಂದದ್ದು ಅವಳ ದುರದೃಷ್ಟವೋ ಅದೃಷ್ಟವೋ. ನೆತ್ತಿಯ ವಿಷಯ ಅವನಿಗೇ ಮೊದಲು ಹೇಳಬೇಕೆಂದು ಬಾಯಿ ತೆರೆದಳು. ಅವನು ಅಷ್ಟರೊಳಗೇ ಕಾಲೇಜುಗಳು ಶುರುವಾಗಿವೆ, ಮೆಸ್ಸಿನವರು ಹೆಚ್ಚು ಕೇಳುತ್ತಿದ್ದಾರೆ, ಅಮ್ಮನ ಕೈಲಿ ಆಗುತ್ತಿಲ್ಲ ಎಂದು ಹೇಳಿಕೊಂಡು ಹೋದ.

"ಅಮ್ಮ ದಿನಾ ಕೇಳ್ತೈತೆ. ಕೈ ಹೆಂಗೈತೆ?"

ಕೂಸು ಹೇಗಿದೆ ಎಂದು ಅವನು ಕೇಳಬಹುದೆಂದು ಚೈತ್ರಾ ಕಾದಳು. ಆ ಕಡೆಯಿಂದ ಬೈಕಿನ ಸದ್ದು ಮಾತ್ರ ಕೇಳಿಸುತ್ತಿತ್ತು.

"ಹಂಗೇ ಐತ್ರಿ," ಎಂದಳು.

ಮಾತು ಅವಳಿಗಿಂತ ಮೊದಲು ಬಾಯಿಂದ ಹೊರಬಿದ್ದಿತ್ತು. ಫೋನಿಟ್ಟ ಮೇಲೆ ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಸಿರಾಡಿದಂತಾಯಿತು. ತಾಯಿಗೂ ಹೇಳಲಿಲ್ಲ. ಹೇಳಿದರೆ ಹಂಪವ್ವ ದೇವರಿಗೆ ಕೈ ಮುಗಿದು, ಸಂತೋಷದ ಸುದ್ದಿ ಎಂದು ಸಂಜೆಯೊಳಗೆ ನಿಟ್ಟುವಳ್ಳಿಗೆ ಮುಟ್ಟಿಸುತ್ತಿದ್ದಳು. ಯಾರೂ ಇಲ್ಲದಾಗ ಚೈತ್ರಾ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಆಡಿಸುತ್ತಿದ್ದಳು. ಬಾಗಿಲ ಸದ್ದಾದರೆ ಮೊಣಕೈ ಮಡಿಲಿಗೆ ಇಳಿಸಿಕೊಳ್ಳುತ್ತಿದ್ದಳು.

ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಖೈರುನ್ನೀಸಾಳ ಮುಂದೆ ಸಿಕ್ಕಿಬಿದ್ದಳು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಬೆರಳು ಸವರುತ್ತ, ಗೊತ್ತಾಯಿತೆ ಎಂದು ಬಾಯಲ್ಲಿ ಕೇಳದೆ ಮೇಡಂ ಸುಮ್ಮನೆ ಕೂತಿದ್ದಳು. ಚೈತ್ರಾ ಇಲ್ಲ ಎಂದಳು. ಸ್ವಲ್ಪ ತಡೆದು ಮತ್ತೆ ಇಲ್ಲ ಎಂದಳು. ಪಕ್ಕದಲ್ಲಿ ಕೂತಿದ್ದ ಹಂಪವ್ವನ ಮುಖ ಇಳಿಯಿತು. ಖೈರುನ್ನೀಸಾ ಕೂಸಿಗೆ ತಣ್ಣನೆಯ ಗಾಳಿ ತಾಗುತ್ತದೆ, ಆ ಕಿಟಕಿ ಹಾಕಿ ಬನ್ನಿ ಎಂದು ಅವಳನ್ನು ಎಬ್ಬಿಸಿ, ಚೈತ್ರಾಳ ಕಿವಿಯ ಹತ್ತಿರ ಬಾಗಿದಳು.

"ಮುಟ್ಟಿದಾಗೆಲ್ಲ ಇಲ್ಲ ಅಂತೀಯ. ಮುಟ್ಟದೆ ಇದ್ದಾಗ ಸುಮ್ನಿರ್ತೀಯ."

ಚೈತ್ರಾ ಕಣ್ಣು ಬಿಡಲಿಲ್ಲ. ಮುಚ್ಚಿದ ರೆಪ್ಪೆಯ ಅಂಚಲ್ಲಿ ನೀರು ಬಂತು. ಹಂಪವ್ವ ಕಿಟಕಿ ಹಾಕಿ ಬಂದು, ಏನಾಗಿದೆ ಮೇಡಂ, ಇದು ಯಾವಾಗ ನೆಟ್ಟಗಾಗುತ್ತದೆ ಎಂದು ಕೇಳಿದಳು. "ಅವಳನ್ನೇ ಕೇಳ್ರಿ. ಕೈ ಅವಳದು," ಎಂದು ಖೈರುನ್ನೀಸಾ ಎದ್ದು, ಮುಂದಿನವರನ್ನು ಕರೆದಳು. ಅದಕ್ಕಿಂತ ಹೆಚ್ಚಿನ ಉಪಕಾರ ಅವಳ ಕೈಲೂ ಇರಲಿಲ್ಲ.

ಮೂರನೇ ತಿಂಗಳು ತುಂಬಿದ ಮೇಲಿನ ಒಂದು ಸೋಮವಾರ, ದಿನ ಒಳ್ಳೆಯದೆಂದು, ಮರುಳಸಿದ್ದಮ್ಮ ಮಗನ ಜೊತೆ ಬಂದಳು. ಕೂಸಿಗೆ ಬೆಳ್ಳಿಯ ಉಡಿದಾರ ತಂದಿದ್ದಳು. ಅದನ್ನು ಕಟ್ಟಿ, ಕೂಸಿನ ಕೆನ್ನೆ ಮುಟ್ಟಿ ನೆಟಿಗೆ ತೆಗೆದು, ಊಟಕ್ಕೆ ಎಲೆ ಹಾಕುವ ಮೊದಲೇ ಸೊಸೆಯ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ತಿರುಗಿಸಿ ಮುರುಗಿಸಿ ನೋಡಿದಳು. ಊತ ಇಳಿದಿತ್ತು, ಬಣ್ಣ ತಿಳಿಯಾಗಿತ್ತು. ನೋಡುವುದಕ್ಕೆ ಚೆನ್ನಾಗೇ ಇದೆಯಲ್ಲ ಎಂದಳು. ನೋಡುವುದಕ್ಕಷ್ಟೇ, ಒಳಗೆ ಏನೂ ಗೊತ್ತಾಗುವುದಿಲ್ಲ ಎಂದು ಹಂಪವ್ವ ಮಗಳ ಪರವಾಗಿ, ತಪ್ಪು ತನ್ನದೇ ಎಂಬಂತೆ ಹೇಳಿದಳು. ಮರುಳಸಿದ್ದಮ್ಮ ತಲೆಯಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಗೆ ಮನೆಗೆ ನಡೆದಳು.

ತಾನೇ ಎಸರಿಟ್ಟಳು, ತಾನೇ ಹಿಟ್ಟು ಹಾಕಿ ನಾದಿದಳು. ಉಂಡೆ ಕಟ್ಟಿ ಹಲಗೆಯ ಮೇಲಿಟ್ಟು, "ಬಾ. ಒಂದು ತಟ್ಟು, ನೋಡಾನ," ಎಂದಳು. ಅಡಿಗೆ ಮನೆಯ ಬಾಗಿಲಲ್ಲಿ ಸಿದ್ದೇಶ್ ನಿಂತಿದ್ದ. ಪಕ್ಕದ ಮನೆಯ ಇಬ್ಬರು ಹೆಂಗಸರು ಕೂಸು ನೋಡುವ ನೆಪದಲ್ಲಿ ಒಳಗೆ ಬಂದಿದ್ದರು.

ಚೈತ್ರಾ ಕೂತು ಅಂಗೈಯನ್ನು ಉಂಡೆಯ ಮೇಲೆ ಇಟ್ಟಳು. ಹಿಟ್ಟು ಹದವಾಗಿತ್ತು, ಅತ್ತೆಯ ನಾದು ಯಾವತ್ತೂ ತಪ್ಪುತ್ತಿರಲಿಲ್ಲ. ಎಷ್ಟು ಬಿಸಿ ಉಳಿದಿದೆ, ಎಲ್ಲಿ ಒಣ ಹಿಟ್ಟು ಹೆಚ್ಚಾಗಿದೆ ಎಂಬುದೆಲ್ಲ ಬೆರಳಿಗೆ ತಾನಾಗಿ ತಿಳಿಯುತ್ತಿತ್ತು. ಕೈ ಅವಳನ್ನು ಕೇಳದೆ ಸುತ್ತತೊಡಗಿತು, ರೊಟ್ಟಿ ಹಲಗೆಯ ಮೇಲೆ ತಿರುಗುತ್ತ ಅಗಲವಾಯಿತು. ಇಷ್ಟು ದಿನ ಮರೆತಿದ್ದ ಸುಖ ಅದು. ಒಂದು ಗಳಿಗೆ ಅವಳಿಗೆ ತಾನು ಯಾಕೆ ಕೂತಿದ್ದೇನೆ ಎಂಬುದೇ ಮರೆತುಹೋಯಿತು. ಅತ್ತೆಯ ಉಸಿರು ಹೆಗಲ ಹತ್ತಿರ ಕೇಳಿದಾಗ ನೆನಪಾಯಿತು. ಅಂಗೈಯನ್ನು ಓರೆ ಮಾಡಿ ಒತ್ತಿದಳು, ರೊಟ್ಟಿ ನಡುವೆ ಹರಿಯಿತು. ಇನ್ನೊಂದು ಉಂಡೆ ಕೊಟ್ಟಳು ಅತ್ತೆ. ಅದೂ ಹರಿಯಿತು. ಹೆಂಗಸರು ಲೊಚಗುಟ್ಟಿದರು. ಹಂಪವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು.

ಮರುಳಸಿದ್ದಮ್ಮ ಹರಿದ ರೊಟ್ಟಿಯನ್ನು ಹಲಗೆಯಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ನಡುವೆ ಸೀಳಿತ್ತು. ಸುತ್ತಲ ಅಂಚು ಮಾತ್ರ ದುಂಡಗೆ, ಎಲ್ಲ ಕಡೆ ಒಂದೇ ಸಮನಾಗಿ ತೆಳ್ಳಗೆ ಇತ್ತು. ಏನೂ ತಿಳಿಯದ ಕೈಗೆ ಅಂಥ ಅಂಚು ಬರುವುದಿಲ್ಲ ಎಂದು ನಲವತ್ತು ವರ್ಷ ರೊಟ್ಟಿ ತಟ್ಟಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಸಿಟ್ಟಾಗಲಿಲ್ಲ. ರೊಟ್ಟಿಯನ್ನು ಮುದ್ದೆ ಮಾಡಿ ಪರಾತಕ್ಕೆ ಹಾಕಿ, ಕೈ ತೊಳೆದುಕೊಂಡು, ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಪಾಪ. ಕೈ ಪೂರಾ ಸತ್ತೈತೆ," ಎಂದಳು ಹಂಪವ್ವನಿಗೆ. "ಇಂಥ ಕೈಗೆ ಕೂಸು ಕೊಡಬ್ಯಾಡ್ರಿ ಬೀಗ್ತೇರೆ. ನಮ್ಮನಿ ಕೂಸು, ಕೆಳಗೆ ಬಿದ್ದೀತು. ಎತ್ತೋದು ಎರೆಯೋದು ಎಲ್ಲ ನೀವೇ ಮಾಡ್ರಿ. ಹಾಲು ಕುಡಿಸಾಕೂ ನೀವೇ ಹಿಡ್ಕೊಂಡು ಕುಡಿಸ್ರಿ. ಕೈ ನೆಟ್ಟಗಾದ ದಿನ ಫೋನ್ ಮಾಡ್ರಿ, ಬಂದು ಕರ್ಕೊಂಡು ಹೋಗ್ತೀವಿ."

ಹಂಪವ್ವ ಹೂಂ ಎಂದಳು. ಸಿದ್ದೇಶನೂ ಹೂಂ ಎಂದ. ಚೈತ್ರಾ ಬಯಸಿದ್ದು ಸಿಕ್ಕಿತ್ತು. ಇವತ್ತು ಅವಳನ್ನು ನಿಟ್ಟುವಳ್ಳಿಗೆ ಯಾರೂ ಕರೆದೊಯ್ಯುವುದಿಲ್ಲ. ಗೆದ್ದವಳು ಒಲೆಯ ಪಕ್ಕ ಕೂತೇ ಇದ್ದಳು.

ಒಳಗಿನ ತೊಟ್ಟಿಲಲ್ಲಿ ಕೂಸು ಎಚ್ಚರವಾಗಿ ಅಳತೊಡಗಿತು. ಹಸಿವಿನ ಅಳು. ಚೈತ್ರಾಳ ಎದೆ ಬಿಗಿದು ಜಾಕೀಟು ಒದ್ದೆಯಾಯಿತು. ಏಳಲು ನೆಲಕ್ಕೆ ಕೈ ಊರಿದಳು. ಅತ್ತೆ ನೋಡುತ್ತಿದ್ದಳು. ಊರಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಹಂಪವ್ವನೇ ಹೋಗಿ ಕೂಸನ್ನು ಎತ್ತಿ ತಂದು ಮಗಳ ತೊಡೆಯ ಮೇಲೆ ಮಲಗಿಸಿ, ಬಿಡದೆ ಎರಡೂ ಕೈಯಲ್ಲಿ ತಾನೇ ಹಿಡಿದುಕೊಂಡು, ಬಾಯಿಯನ್ನು ಎದೆಗೆ ಹಿಡಿಸಿದಳು.

ಚೈತ್ರಾ ಹಿಟ್ಟು ಮೆತ್ತಿದ ಅಂಗೈಗಳನ್ನು ತೊಡೆಯ ಅಂಚಿನಲ್ಲಿ ಅಂಗಾತ ಇಟ್ಟುಕೊಂಡು ಕೂತಳು. ಕೂಸು ಹಾಲು ಕುಡಿಯುತ್ತ ಒಂದು ಕೈಯನ್ನು ಗಾಳಿಯಲ್ಲಿ ಆಡಿಸಿತು, ಏನೂ ಸಿಗದೆ ಕೆಳಗಿಳಿಸಿತು, ಅಲ್ಲಿದ್ದ ತಾಯಿಯ ತೋರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಒಂದೊಂದು ಬೆರಳೂ, ಬೆವೆತ ಅಂಗೈಯೂ, ಅಕ್ಕಿಯ ನುಚ್ಚಿನಷ್ಟು ಉಗುರುಗಳೂ ಅವಳಿಗೆ ತಿಳಿದವು. ಎಲ್ಲರೂ ನೋಡುತ್ತಿದ್ದರು. ಚೈತ್ರಾ ಬೆರಳು ಮಡಚಲಿಲ್ಲ.